ಟೈರು ಎಳೆದ ಗೆರೆ

ಚಿಕ್ಕಂದಿನಲ್ಲಿ ಟೈರು ಮುಂದೆ ಓಡುತ್ತಿತ್ತು, ನಾನು ಅದರ ಹಿಂದೆ. ಸೈಕಲ್ಲಿನ ಸವೆದ ಟೈರು, ಕೈಯಲ್ಲೊಂದು ಮೋಟುಗೋಲು. ಬೀಳದ ಹಾಗೆ ತಟ್ಟುತ್ತ ಅಂಗಡಿಯವರೆಗೆ ಓಡಿ, ಬೆಲ್ಲವನ್ನೋ ಬೆಂಕಿಪೆಟ್ಟಿಗೆಯನ್ನೋ ತಂದುಕೊಟ್ಟರೆ ಅಮ್ಮನ ಕೆಲಸವೂ ಆಗುತ್ತಿತ್ತು, ನನ್ನ ಆಟವೂ ಆಗುತ್ತಿತ್ತು. ಈಗ ನನಗೆ 46. ನಾನು ಮುಂದೆ, ಟೈರು ಹಿಂದೆ. ಸೈಕಲ್ಲಿನದಲ್ಲ, ಕಾರಿನದು. ಸೊಂಟಕ್ಕೊಂದು ಅಗಲವಾದ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಗೆ ಟೈರು. ವಾರಕ್ಕೊಂದು ಬೆಳಿಗ್ಗೆ ಸಿಂಧನೂರಿನ ಹೊರಗೆ, ಕಾಲುವೆ ದಂಡೆಯ ಗರಸಿನ ದಾರಿಯಲ್ಲಿ ಅದನ್ನು ಎಳೆದುಕೊಂಡು ನಡೆಯುತ್ತೇನೆ. ದೂರದ ಓಟಕ್ಕೆ ಮೈ ಹದಗೊಳಿಸುವ ಅಭ್ಯಾಸ ಇದು. ಮೂರು ವರ್ಷದಿಂದ ನಡೆದು ಬಂದಿದೆ. ಇದರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಬೇಗ ಮಾತು ಮುಗಿಸಲು ಆಗುವುದಿಲ್ಲ. ಅಷ್ಟು ಇಷ್ಟ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಅಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು. ವಿಜ್ಞಾನದ ಮೇಷ್ಟ್ರಾಗಿ ಕೆಲಸ ಸಿಕ್ಕಿದ್ದು ಮಾತ್ರ ಸಿಂಧನೂರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಊರು. ಸುತ್ತ ಭತ್ತದ ಗದ್ದೆ, ನಡುನಡುವೆ ಕ್ಯಾಂಪು ಎಂದು ಕರೆಯುವ ಸಣ್ಣ ಊರುಗಳು, ಕಣ್ಣು ಹೋದಷ್ಟು ದೂರ ಸಪಾಟು ನೆಲ. ಓಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದುಕೊಂಡಿದ್ದೆ. ಹತ್ತು ಕಿಲೋಮೀಟರ್, ಇಪ್ಪತ್ತೊಂದು, ನಲವತ್ತೆರಡು ಎಂದು ಓಟ ಬೆಳೆಯುತ್ತ ಹೋಯಿತು. ಆಮೇಲೆ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರಿಗೆ ಹೆಸರು ಕೊಟ್ಟೆ. ಮಲೆನಾಡಿನಲ್ಲೇ ಬೆಳೆದವನಲ್ಲವೇ ಎಂಬ ಧೈರ್ಯ. ಆದರೆ ಹದಿನೆಂಟು ವರ್ಷ ಸಪಾಟು ನೆಲದಲ್ಲಿ ಓಡಾಡಿದ ಕಾಲು ಮಲೆನಾಡನ್ನು ಮರೆತಿತ್ತು. ಮೊದಲ ದೊಡ್ಡ ಏರಿನಲ್ಲೇ ಮೀನಖಂಡ ಬಿಗಿಯಿತು, ಮೂರನೆಯದರಲ್ಲಿ ತೊಡೆ ನಡುಗಿತು. ಎದೆಯಲ್ಲಿ ಉಸಿರು ಬೇಕಾದಷ್ಟಿತ್ತು, ಕಾಲಲ್ಲಿ ಕಸುವಿರಲಿಲ್ಲ. ಕೊನೆಯ ಹತ್ತು ಕಿಲೋಮೀಟರನ್ನು ನಡೆದೇ ಮುಗಿಸಿದೆ. ಬಸ್ಸಿನಲ್ಲಿ ಸಿಂಧನೂರಿಗೆ ಮರಳುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ: ಗುಡ್ಡವಿಲ್ಲದ ಊರಿನಲ್ಲಿ ಗುಡ್ಡ ಹತ್ತುವುದನ್ನು ಕಲಿಯುವುದು ಹೇಗೆ?

ಗುಡ್ಡ ಇದ್ದವರ ಕಥೆ ಬೇರೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಆರ್ಥರ್ ಲಿಡಿಯರ್ಡ್ ಎಂಬ ತರಬೇತುದಾರರಿದ್ದರು. ಶೂ ಕಾರ್ಖಾನೆಯಲ್ಲಿ ದುಡಿದು ಹೊಟ್ಟೆ ಹೊರೆಯುತ್ತಿದ್ದವರು. ಅವರ ಹುಡುಗರು ಊರ ಪಕ್ಕದ ವೈಟಾಕೆರೆ ಗುಡ್ಡಸಾಲಿನಲ್ಲಿ 22 ಮೈಲಿಯ ಸುತ್ತು ಓಡುತ್ತಿದ್ದರು. ವರ್ಷದಲ್ಲಿ ಕೆಲವು ವಾರಗಳನ್ನು ಏರು ನೆಗೆಯುವುದಕ್ಕೆಂದೇ ಮೀಸಲಿಡುತ್ತಿದ್ದರು. ಬರೀ 800 ಮೀಟರ್ ಓಡುವ ಪೀಟರ್ ಸ್ನೆಲ್‌ಗೂ ಆ 22 ಮೈಲಿ ತಪ್ಪುತ್ತಿರಲಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ನೆಲ್ 800 ಮೀಟರಿನಲ್ಲೂ ಮರ್ರೆ ಹಾಲ್‌ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಏರು ಓಡಿದರೆ ಕಾಲಿಗೆ ಕಸುವು ಬರುತ್ತದೆ ಎಂದು ಅಂದಿನಿಂದ ಜಗತ್ತಿನ ಓಟಗಾರರೆಲ್ಲ ನಂಬಿ ನಡೆದಿದ್ದಾರೆ. ಗುಡ್ಡವಿಲ್ಲದವರು ಸೇತುವೆಯ ಏರು ಹುಡುಕುತ್ತಾರೆ, ಮಹಡಿಯ ಮೆಟ್ಟಿಲು ಹುಡುಕುತ್ತಾರೆ. ನಾನು ಅಲ್ಲಿ ಇಲ್ಲಿ ಓದಿ, ಬಲ್ಲವರನ್ನು ಕೇಳಿ, ಕೊನೆಗೆ ಬಂದು ನಿಂತದ್ದು ಒಂದು ಪಂಕ್ಚರ್ ಅಂಗಡಿಯ ಮುಂದೆ.

"ಯಾವ ಗಾಡಿಗ್ರೀ ಸರ?" ಎಂದ ಅಂಗಡಿಯ ಹುಡುಗ.

"ಗಾಡಿಗಲ್ಲಪಾ, ಎಳಿಯಾಕ."

"ಯಾರು ಎಳಿಯಾದ್ರಿ?"

"ನಾನಾ."

ಅವನು ನಗಲಿಲ್ಲ. ಎದ್ದು ಹೋಗಿ ಮೂರು ಹಳೇ ಟೈರು ಉರುಳಿಸಿಕೊಂಡು ಬಂದ. ತಂತಿ ಹೊರಬಿದ್ದದ್ದನ್ನು ಬದಿಗೆ ಸರಿಸಿ, "ಇದು ಬ್ಯಾಡ್ರಿ, ಕಾಲಿಗೆ ತಂತಿ ಹೆಟ್ಟತೈತಿ" ಎಂದ. ಇನ್ನೊಂದಕ್ಕೆ ತೂತು ಕೊರೆದು, ತಲೆಗೆ ಬಳೆಯಿದ್ದ ಬೋಲ್ಟು ಕೂಡಿಸಿ, ಎರಡೂ ಕಡೆ ಅಗಲದ ವಾಷರ್ ಕೊಟ್ಟು ಬಿಗಿದ. ಹಗ್ಗ ನೇರ ಸೊಂಟಕ್ಕೆ ಕಟ್ಟಿದರೆ ಹೆಜ್ಜೆ ಹೆಜ್ಜೆಗೂ ಝಟಕಾ ಬಡಿಯುತ್ತದೆಂದು ತಾನೇ ಯೋಚಿಸಿ, ನಡುವೆ ಸೈಕಲ್ ಟ್ಯೂಬಿನ ತುಂಡೊಂದನ್ನು ಜೋಡಿಸಿದ. ಟೈರಿನ ತಳಭಾಗಕ್ಕೆ ನಾಲ್ಕು ತೂತು ಹಾಕಿಸಿದ್ದು ಮಾತ್ರ ನಾನು. ಅಂಗಳದಲ್ಲಿ ಬಿದ್ದ ಟೈರಿನಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದೇ ತೊಟ್ಟಿಲು. ಪಟ್ಟಿಯನ್ನು ಒಬ್ಬ ದರ್ಜಿ ಹಳೇ ಜೀಪಿನ ಸೀಟ್‌ಬೆಲ್ಟಿನಿಂದ ಹೊಲಿದುಕೊಟ್ಟ. ಒಳಬದಿಗೆ ಮೆತ್ತನೆಯ ಬಟ್ಟೆ ಇಟ್ಟು, ಮೂಳೆ ತಾಗುವಲ್ಲಿ ಎರಡು ಮಡಿಕೆ ಮಾಡಿ. ಇಷ್ಟಕ್ಕೆ ಖರ್ಚಾದ ಹಣ ಒಂದು ಜೊತೆ ಓಟದ ಶೂಗಳ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ.

ವಿಜ್ಞಾನದ ಮೇಷ್ಟ್ರಿಗೆ ಅಳೆಯದೆ ಸಮಾಧಾನವಿಲ್ಲ. ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿ ತಂದು ಟೈರು ತೂಗಿದೆ: 7 ಕಿಲೊ. ಆಮೇಲೆ ತಕ್ಕಡಿಯ ಕೊಂಡಿಗೆ ಹಗ್ಗ ಸಿಕ್ಕಿಸಿ ನೆಲದ ಮೇಲೆ ಎಳೆದೆ. ಗರಸಿನ ದಾರಿಯಲ್ಲಿ ಮುಳ್ಳು 4.2 ತೋರಿಸಿತು, ಡಾಂಬರಿನ ಮೇಲೆ 5, ಇಬ್ಬನಿ ಬಿದ್ದ ಹುಲ್ಲಿನ ಮೇಲೆ 3ಕ್ಕಿಂತ ಕಡಿಮೆ. ನನ್ನ ತೂಕ 63 ಕಿಲೊ. ಅದನ್ನು 4.2ರಿಂದ ಭಾಗಿಸಿದರೆ 15. ಅಂದರೆ 15 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಭೂಮಿ ನನ್ನನ್ನು ಎಷ್ಟು ಹಿಂದಕ್ಕೆ ಜಗ್ಗುತ್ತದೋ, ಈ ಟೈರೂ ಅಷ್ಟೇ ಜಗ್ಗುತ್ತದೆ. 5 ಕಿಲೋಮೀಟರ್ ಎಳೆದರೆ ಸುಮಾರು 330 ಮೀಟರ್ ಹತ್ತಿದಷ್ಟು ಕೆಲಸ. ಮೈಸೂರಿನ ನೆಲದಿಂದ ಚಾಮುಂಡಿ ಬೆಟ್ಟದ ಎತ್ತರ ಹೆಚ್ಚುಕಡಿಮೆ 300 ಮೀಟರ್. ಲೆಕ್ಕ ಮುಗಿಸಿ ತಲೆಯೆತ್ತಿದಾಗ, ಎದುರಿಗಿದ್ದ ಸಪಾಟು ಗದ್ದೆಗಳ ನಡುವೆ ಚಾಮುಂಡಿ ಬೆಟ್ಟವೇ ಎದ್ದು ನಿಂತ ಹಾಗೆ ಆಯಿತು. ಈ ಲೆಕ್ಕವನ್ನು ಮರುದಿನ ಒಂಬತ್ತನೆಯ ತರಗತಿಗೆ ಹೇಳಿಕೊಟ್ಟೆ. ಘರ್ಷಣೆಯ ಪಾಠವನ್ನು ಮಕ್ಕಳು ಅಷ್ಟು ಕಣ್ಣರಳಿಸಿ ಕೇಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಘರ್ಷಣೆಯ ಗುಣವೂ ದೂರದ ಓಟಗಾರನಿಗೆ ಒಗ್ಗುವಂಥದ್ದೇ. ಫ್ರಾನ್ಸಿನ ಅಮೊಂತೊಂ 1699ರಲ್ಲೇ ಹೇಳಿದ ಮಾತು: ಎಳೆಯಬೇಕಾದ ಬಲ ವಸ್ತುವಿನ ಭಾರಕ್ಕೆ ತಕ್ಕಂತೆ ಇರುತ್ತದೆ, ನೆಲಕ್ಕೆ ತಾಗಿದ ಅಗಲವನ್ನು ಅದು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ವೇಗವನ್ನೂ ಅಷ್ಟೇ. ಬೆನ್ನಿಗೆ ಛತ್ರಿಯಂಥ ಪ್ಯಾರಾಶೂಟ್ ಕಟ್ಟಿಕೊಂಡು ಓಡುವವರಿದ್ದಾರಲ್ಲ, ಅದು ಮಿಂಚಿನ ಓಟದವರ ಸಾಧನ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಮೆಲ್ಲಗೆ ಹೋದರೆ ಅದು ಇದ್ದೂ ಇಲ್ಲದಂತೆ. ಟೈರು ಹಾಗಲ್ಲ. ನೀವು ಮೆಲ್ಲಗೆ ನಡೆದರೂ 4.2, ಓಡಿದರೂ ಸರಿಸುಮಾರು 4.2. ಮೂರು ಗಂಟೆ ಹೊತ್ತು ಒಂದೇ ಸಮನೆ ದುಡಿಯಬೇಕಾದ ಕಾಲಿಗೆ ಇಂಥ ಒಂದೇ ಸಮನೆಯ ಜಗ್ಗಾಟವೇ ಬೇಕು.

ಆದರೆ ಕದಲುವ ಮೊದಲ ಕ್ಷಣ ಮಾತ್ರ ಬೇರೆ. ನಿಂತ ಟೈರನ್ನು ಕದಲಿಸುವಾಗ ತಕ್ಕಡಿಯ ಮುಳ್ಳು 5ನ್ನು ದಾಟಿ, ಕದಲಿದ ಮೇಲೆ ಕೆಳಗಿಳಿಯುತ್ತದೆ. ತೇರು ಎಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನೂರಾರು ಕೈ ಹಗ್ಗ ಹಿಡಿದು ಜಗ್ಗಿದರೂ ತೇರು ಮಿಸುಕುವುದಿಲ್ಲ. ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟವರು ಒಂದು ಸಲ ಮೀಟಬೇಕು, ಮುಂದಿನವರು ಅದೇ ಉಸಿರಿನಲ್ಲಿ ಎಳೆಯಬೇಕು. ಒಮ್ಮೆ ಗಾಲಿ ಉರುಳಿತೆಂದರೆ ಅಷ್ಟೇ ಜನ ಅದನ್ನು ಬೀದಿಯುದ್ದಕ್ಕೂ ನಡೆಸಿಕೊಂಡು ಹೋಗುತ್ತಾರೆ. ಟೈರು ಎಳೆಯುವಾಗ ನಾನು ನಡುವೆ ನಿಲ್ಲದಿರುವುದು ಇದೇ ಕಾರಣಕ್ಕೆ. ನೀರು ಕುಡಿಯುವುದಿದ್ದರೂ ನಡೆಯುತ್ತಲೇ ಕುಡಿಯುತ್ತೇನೆ.

ಈ 'ಎಳೆ' ಎಂಬ ಮಾತನ್ನು ಬಾಯಲ್ಲಿಟ್ಟುಕೊಂಡು ನಡೆಯುವುದೂ ನನಗೊಂದು ಸಂತೋಷ. ತೇರನ್ನು ಎಳೆಯುತ್ತೇವೆ, ಉಸಿರನ್ನು ಎಳೆಯುತ್ತೇವೆ, ನೂಲನ್ನು ಎಳೆಯುತ್ತೇವೆ. ಎಳೆದ ನೂಲಿಗೂ ಎಳೆ ಎಂದೇ ಹೆಸರು. ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇವೆ, ಹೊಸಿಲ ಮುಂದೆ ರಂಗೋಲಿಯ ಎಳೆ ಎಳೆಯುತ್ತೇವೆ. ಇನ್ನೂ ಬಲಿಯದ ಕಾಯಿಯೂ ಎಳೆಯದು, ಇನ್ನೂ ಬಲಿಯದ ಕರುವೂ ಎಳೆಯದು. ಬಲ ಹಾಕುವುದಕ್ಕೂ ಬಲ ಇಲ್ಲದಿರುವುದಕ್ಕೂ ಕನ್ನಡದಲ್ಲಿ ಒಂದೇ ಸದ್ದು. ಕಾಲುವೆ ದಂಡೆಯ ಮೇಲೆ ಟೈರು ಎಳೆಯುವವನು ಹಿಂದೆ ಒಂದು ಗೆರೆಯನ್ನೂ ಎಳೆದಿರುತ್ತಾನೆ. ಆ ಗೆರೆಯ ಮಾತಿಗೆ ಆಮೇಲೆ ಬರುತ್ತೇನೆ.

ಎಳೆಯುವುದು ನನಗೆ ಪೂರ್ತಿ ಹೊಸದೂ ಅಲ್ಲ. ನಮ್ಮ ಕಡೆಯ ಮಕ್ಕಳಿಗೆಲ್ಲ ಅಡಿಕೆ ಹಾಳೆಯೇ ಮೊದಲ ಗಾಡಿ. ತೋಟದಲ್ಲಿ ಬಿದ್ದ ಹಾಳೆಯ ಅಗಲ ಭಾಗದ ಮೇಲೆ ತಂಗಿ ಕೂರಬೇಕು, ಎಲೆಯ ತುದಿ ಹಿಡಿದು ನಾನು ಎಳೆಯಬೇಕು. ಅಂಗಳ ಸಾರಿಸಿ ಒಣಗಿದ ದಿನ ಹಾಳೆ ಹಗುರಾಗಿ ಬರುತ್ತಿತ್ತು, ಮಳೆಯ ಮಣ್ಣಿನಲ್ಲಿ ಅಂಟಿಕೊಳ್ಳುತ್ತಿತ್ತು. ಎಲೆ ಗಿಡ್ಡವಿದ್ದರೆ ಸೊಂಟ ಬಗ್ಗಿಸಿ ಹಿಂದು ಹಿಂದಕ್ಕೆ ನಡೆಯಬೇಕು, ಬೇಗ ದಣಿವು. ಉದ್ದವಿದ್ದರೆ ಹೆಗಲ ಮೇಲೆ ಹಾಕಿಕೊಂಡು ಮುಂದೆ ನೋಡುತ್ತ ಓಡಬಹುದು. ಹಗ್ಗದ ಉದ್ದದ ಪಾಠ ನನಗೆ ಅಂದೇ ಆಗಿತ್ತು. ಈಗಿನ ನನ್ನ ಹಗ್ಗ ಎರಡೂವರೆ ಮೀಟರ್. ಗಿಡ್ಡವಾದರೆ ಟೈರು ಹಿಮ್ಮಡಿಗೆ ಬಡಿಯುತ್ತದೆ. ಜೊತೆಗೆ ಹಗ್ಗ ಕಡಿದಾಗಿ ಮೇಲಕ್ಕೆ ಜಗ್ಗಿ ಟೈರಿನ ಮೂತಿಯನ್ನು ಎತ್ತಿಬಿಡುತ್ತದೆ, ಎಳೆತ ಒಮ್ಮೆ ಹಗುರ ಒಮ್ಮೆ ಭಾರ ಆಗುತ್ತದೆ. ತೀರ ಉದ್ದವಾದರೆ ತಿರುವಿನಲ್ಲಿ ಟೈರು ತನ್ನದೇ ದಾರಿ ಹಿಡಿಯುತ್ತದೆ.

ಎಳೆಯುವುದನ್ನೇ ಬದುಕು ಮಾಡಿಕೊಂಡವರು ಧ್ರುವಪ್ರದೇಶದ ಯಾತ್ರಿಕರು. ದಕ್ಷಿಣ ಧ್ರುವಕ್ಕೆ 1911ರ ಡಿಸೆಂಬರ್ 14ರಂದು ಮೊದಲು ಮುಟ್ಟಿದ ಅಮುಂಡ್ಸೆನ್ ನಾಯಿಗಳ ಬಲದಿಂದ ಹೋದರು. 1912ರ ಜನವರಿ 17ರಂದು ಮುಟ್ಟಿದ ಸ್ಕಾಟ್ ಮತ್ತು ನಾಲ್ವರು ಸಂಗಡಿಗರು ದಾರಿಯ ಬಹುಪಾಲು ಜಾರುಬಂಡಿಯನ್ನು ತಾವೇ ಎಳೆದರು. ಮರಳುವ ದಾರಿಯಲ್ಲಿ ಐವರೂ ಪ್ರಾಣಬಿಟ್ಟರು. ಚಳಿ ತೀರ ಹೆಚ್ಚಾದರೆ ಹಿಮ ಜಾರುವುದಿಲ್ಲ, ಮರಳಿನ ಹಾಗೆ ಬಂಡಿಯನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತವೂ ಅವರ ಕಸುವನ್ನು ಹೀರಿತು. ಅದಕ್ಕೂ ಮೊದಲು, 1911ರ ನಡುಚಳಿಗಾಲದ ಕತ್ತಲೆಯಲ್ಲಿ, ಸ್ಕಾಟ್ ತಂಡದವರೇ ಆದ ವಿಲ್ಸನ್, ಬೋವರ್ಸ್, ಚೆರ್ರಿ-ಗ್ಯಾರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್‌ಗಳ ಮೊಟ್ಟೆ ತರಲೆಂದು ಹೊರಟಿದ್ದರು. ಎರಡು ಬಂಡಿ, 340 ಕಿಲೊ ದಾಟಿದ ಹೊರೆ. ಎರಡನ್ನೂ ಒಟ್ಟಿಗೆ ಎಳೆಯಲಾಗದ ಕಡೆ ಒಂದನ್ನು ಮುಂದೆ ಬಿಟ್ಟು, ಹಿಂದಿರುಗಿ ಬಂದು ಇನ್ನೊಂದನ್ನು ಎಳೆದರು. ಒಂದು ಮೈಲಿ ಮುಂದೆ ಹೋಗಲು ಮೂರು ಮೈಲಿ ನಡಿಗೆ. ಟೈರು ಭಾರವೆನಿಸಿದ ಬೆಳಿಗ್ಗೆಗಳಲ್ಲಿ ನಾನು ಆ ಮೂವರನ್ನು ನೆನೆಯುತ್ತೇನೆ. ಮನಸ್ಸು ತಾನಾಗಿ ಸುಮ್ಮನಾಗುತ್ತದೆ.

ಇಂದು ಹಿಮದ ಮೇಲೆ ಬಂಡಿ ಎಳೆಯಲು ಹೊರಡುವವರು ಹಿಮವಿಲ್ಲದ ತಮ್ಮ ಊರುಗಳಲ್ಲಿ ಟೈರನ್ನೇ ಎಳೆದು ಸಿದ್ಧರಾಗುತ್ತಾರೆ. ಪಂಜಾಬಿ ಮನೆತನದ, ಆಗ ಬ್ರಿಟಿಷ್ ಸೇನೆಯ ಅಧಿಕಾರಿಯಾಗಿದ್ದ ಪ್ರೀತ್ ಚಾಂಡಿ ಅವರು ಹೀಗೆ ಟೈರು ಎಳೆದೇ ಮೈ ಹದಮಾಡಿಕೊಂಡವರು. ಸುಮಾರು 90 ಕಿಲೊ ಹೊರೆಯ ಬಂಡಿಯನ್ನು 40 ದಿನ ಒಬ್ಬರೇ ಎಳೆದು 2022ರ ಜನವರಿ 3ರಂದು ದಕ್ಷಿಣ ಧ್ರುವ ಮುಟ್ಟಿದರು. ಕೆನಡಾದ ಯೂಕಾನ್ ಆರ್ಕ್ಟಿಕ್ ಅಲ್ಟ್ರಾದಂಥ ಓಟಗಳಲ್ಲಿ ಓಟಗಾರರು ಊಟ, ಹಾಸಿಗೆ, ಒಲೆ ಎಲ್ಲವನ್ನೂ ಪುಟ್ಟ ಜಾರುಬಂಡಿಯಲ್ಲಿಟ್ಟು ಎಳೆದುಕೊಂಡೇ ನೂರಾರು ಕಿಲೋಮೀಟರ್ ಸಾಗುತ್ತಾರೆ. ಅವರಿಗೂ ಬೇಸಿಗೆಯ ಅಭ್ಯಾಸ ಟೈರಿನದೇ. ಚಳಿಗಾಲದಲ್ಲೂ ಬೆವರುವ ರಾಯಚೂರು ಜಿಲ್ಲೆಯ ನನಗೂ ಅವರಿಗೂ ಇರುವ ನೆಂಟಸ್ತಿಕೆ ಆ ರಬ್ಬರಿನ ಬಳೆಯೊಂದೇ. ನನಗೆ ಅದು ದೊಡ್ಡ ನೆಂಟಸ್ತಿಕೆ.

ಮೈಯೊಳಗೆ ಏನಾಗುತ್ತದೆ? ಓಡುವಾಗ ಪ್ರತಿ ಸಲ ಪಾದ ನೆಲ ಮುಟ್ಟಿದಾಗಲೂ ತೊಡೆಯ ಸ್ನಾಯು ಬಿಗಿದುಕೊಂಡೇ ಹಿಗ್ಗುತ್ತದೆ. ಬೀಳುವ ಮೈಯನ್ನು ತಡೆಯುವ ಬ್ರೇಕು ಅದು. ಮೂರನೆಯ ದಿನ ಮೆಟ್ಟಿಲು ಇಳಿಯುವಾಗ ಕಾಲು ಹಿಡಿದುಕೊಳ್ಳುವುದು ಈ ಹಿಗ್ಗುವ ದುಡಿಮೆಯಿಂದ. ಟೈರು ಎಳೆಯುವಾಗ ಬ್ರೇಕಿನ ಕೆಲಸ ಟೈರಿನದು. ಸ್ನಾಯುವಿಗೆ ಉಳಿಯುವುದು ಕುಗ್ಗಿ ತಳ್ಳುವ ಕೆಲಸ. ಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ, ಬೆನ್ನ ಕೆಳಗಿನ ಪಟ್ಟಿ, ಎಲ್ಲವೂ ಎಚ್ಚತ್ತು ದುಡಿಯುತ್ತವೆ. ವೇಗ ಗಂಟೆಗೆ ಐದಾರು ಕಿಲೋಮೀಟರಿಗೆ ಇಳಿದರೂ ಎದೆ ಓಟದಷ್ಟೇ ಬಡಿಯುತ್ತದೆ. ಮಂಡಿಗೆ ಮಾತ್ರ ಓಟದ ಏಟಿಲ್ಲ. ಭಾರ ಹೊರುವುದಕ್ಕೂ ಎಳೆಯುವುದಕ್ಕೂ ಇರುವ ದೊಡ್ಡ ಅಂತರ ಇದು. ಬೆನ್ನ ಮೇಲೆ ಹತ್ತು ಕಿಲೊ ಹೊತ್ತು ಓಡಿದರೆ ಪ್ರತಿ ಹೆಜ್ಜೆಯಲ್ಲೂ ಆ ಭಾರ ಮಂಡಿಯ ಮೇಲೆ ಬೀಳುತ್ತದೆ. ಹಿಂದೆ ಎಳೆದ ಭಾರವನ್ನು ನೆಲ ಹೊತ್ತಿರುತ್ತದೆ.

ಭಾರದ ಅಭ್ಯಾಸ ದೂರದ ಓಟಕ್ಕೆ ಏಕೆ ಎಂದು ಹಳೆಯ ಓಟಗಾರರು ಕೇಳುತ್ತಾರೆ. ಎಮಿಲ್ ಜಾಟೊಪೆಕ್ ದಪ್ಪ ಸೈನಿಕ ಬೂಟು ತೊಟ್ಟು ಹಿಮದಲ್ಲಿ ಓಡಿದವರು. 1952ರ ಹೆಲ್ಸಿಂಕಿಯಲ್ಲಿ 5000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದರು. ಅದು ಒಬ್ಬರ ಕಥೆ ಎನ್ನುವವರಿಗೆ ಫಿನ್ಲೆಂಡಿನ ಲೀನಾ ಪಾವೊಲೈನೆನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ನುರಿತ ಓಟಗಾರರ ಒಂದು ಗುಂಪು ಒಂಬತ್ತು ವಾರ ತನ್ನ ಅಭ್ಯಾಸದ ಮೂರನೇ ಒಂದು ಪಾಲಿನಷ್ಟನ್ನು ನೆಗೆತ, ಚುರುಕಿನ ಓಟ, ಭಾರ ತಳ್ಳುವುದಕ್ಕೆ ಕೊಟ್ಟಿತು. ಕೊನೆಗೆ ಅವರ 5 ಕಿಲೋಮೀಟರಿನ ಸಮಯ ಇಳಿದಿತ್ತು. ಆದರೆ ಮೈ ಪ್ರಾಣವಾಯು ಹೀರುವ ಗರಿಷ್ಠ ಶಕ್ತಿ ಹೆಚ್ಚಿರಲಿಲ್ಲ. ಅಂದರೆ ಉಸಿರು ಅಷ್ಟೇ, ಆ ಉಸಿರಿನಲ್ಲಿ ಕಾಲು ಹೆಚ್ಚು ದೂರ ಒಯ್ಯುವುದನ್ನು ಕಲಿತಿತ್ತು. ಅವರು ಟೈರು ಎಳೆದವರಲ್ಲ ನಿಜ. ಆದರೆ ಚಿಕ್ಕಮಗಳೂರಿನ ಏರಿನಲ್ಲಿ ಉಸಿರಿದ್ದೂ ಕಾಲು ಸೋತ ನನಗೆ ಆ ಮಾತು ನನ್ನದೇ ಕಥೆಯಂತೆ ಕೇಳಿಸಿತು.

ಆದರೂ ಮೊದಲ ವರ್ಷ ನಾನು ಆತುರಪಟ್ಟೆ. ಎರಡು ವಾರ ನಡೆದು ಎಳೆದವನು ಮೂರನೆಯ ವಾರ ಓಡುತ್ತ ಎಳೆದೆ, ಅದೂ ಒಂದು ದಿನ ಬಿಟ್ಟು ಒಂದು ದಿನ. ಎಡಗಾಲಿನ ಮೀನಖಂಡದಲ್ಲಿ ಚುಳುಕ್ ಎಂದಿತು. ವೈದ್ಯರು ಐದು ವಾರ ಓಟ ಬಿಡಿಸಿದರು. ಮನೆಯ ಕಟ್ಟೆಯ ಮೇಲೆ ಕೂತು ಬೆಳಗಿನ ದಾರಿಯನ್ನು ಬರೀ ನೋಡಿದ ಆ ಐದು ವಾರ ನನಗೆ ಬಹಳ ದೀರ್ಘವಾಗಿದ್ದವು. ಈ ಹಾದಿಗೆ ಹೊಸದಾಗಿ ಬರುವವರಿಗೆ ಹಾಗಾಗಬಾರದೆಂದು ಕಲಿತದ್ದನ್ನು ಹೇಳುತ್ತೇನೆ. ಮೊದಲು ಚಿಕ್ಕ ಟೈರು, ಇಪ್ಪತ್ತು ನಿಮಿಷ, ಬರೀ ನಡಿಗೆ. ವಾರಕ್ಕೆ ಒಂದೇ ದಿನ, ಅದರ ಮರುದಿನ ಹಗುರ ಓಟ ಅಥವಾ ವಿಶ್ರಾಂತಿ. ಹೊತ್ತನ್ನು ಮೊದಲು ಹೆಚ್ಚಿಸಿ, ಭಾರವನ್ನು ಆಮೇಲೆ. ಮುಂದಕ್ಕೆ ಬಾಗುವುದು ಹರಡಿನ ಗಂಟಿನಿಂದ. ಸೊಂಟ ಮುರಿದು ಬಗ್ಗಿದರೆ ಉಸಿರಿಗೂ ತೊಂದರೆ, ಬೆನ್ನಿಗೂ ತೊಂದರೆ. ಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಗಾಡಿ ಓಡಾಡುವ ರಸ್ತೆ ಬೇಡವೇ ಬೇಡ. ಸ್ಪರ್ಧೆಗೆ ಎರಡು ವಾರ ಇರುವಾಗ ಟೈರನ್ನು ಗೋಡೆಗೆ ಒರಗಿಸಿಬಿಡಿ.

ಎಳೆಯುವ ಅಭ್ಯಾಸಕ್ಕೆ ತಿರುಗುಮುರುಗಾದ ಒಂದು ಓಟ ನಮ್ಮ ಕರಾವಳಿಯಲ್ಲಿದೆ. ಕಂಬಳದಲ್ಲಿ ಮನುಷ್ಯ ಎಳೆಯುವುದಿಲ್ಲ, ಕೋಣಗಳು ಅವನನ್ನು ಎಳೆಯುತ್ತವೆ. ಕೆಸರುನೀರಿನ ಕರೆಯಲ್ಲಿ ಜೋಡಿ ಕೋಣಗಳ ಹಿಂದೆ, ತನ್ನ ಕಾಲಿಗೆ ತಾನಾಗಿ ಬಾರದ ವೇಗದಲ್ಲಿ ಓಡಬೇಕು, ಬೀಳಬಾರದು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದಾಗ ದೇಶವೆಲ್ಲ ಅವರತ್ತ ತಿರುಗಿ ನೋಡಿತು. ಮಿಂಚಿನ ಓಟದವರು ಕೂಡ ಹಗ್ಗದಿಂದ ಮುಂದಕ್ಕೆ ಎಳೆಸಿಕೊಂಡು ಅಭ್ಯಾಸ ಮಾಡುವುದುಂಟು. ಕಾಲು ಚುರುಕಾಗಲಿ ಎಂದು. ಮುಂದಕ್ಕೆ ಎಳೆಸಿಕೊಂಡ ಕಾಲು ಚುರುಕು ಕಲಿಯುತ್ತದೆ, ಹಿಂದಿನದನ್ನು ಎಳೆದ ಕಾಲು ತಾಳ್ಮೆ ಕಲಿಯುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ನಾವು ಜಗಳದ ಮಾತಾಗಿ ಬಳಸುತ್ತೇವೆ. ಓಟಗಾರನಿಗೆ ಎರಡೂ ಬೇಕು. ನನ್ನ ಪಾಲಿಗೆ ಬಂದದ್ದು ಎತ್ತಿನ ದಾರಿ, ಮತ್ತು ಅದನ್ನು ನನಗೆ ಕಲಿಸಿದವರು ಒಬ್ಬ ಅಜ್ಜ.

ಅವರು ಗದ್ದೆಗೆ ನೀರು ತಿರುಗಿಸಲು ಬೆಳಿಗ್ಗೆ ಐದೂವರೆಗೇ ಕಾಲುವೆ ದಂಡೆಗೆ ಬರುತ್ತಿದ್ದರು. ಕಾಲು ವಾಸಿಯಾಗಿ ನಾನು ಮತ್ತೆ ಟೈರು ಕಟ್ಟಿದ ಮೊದಲ ವಾರ ನನ್ನನ್ನು ತಡೆದು ನಿಲ್ಲಿಸಿದರು. ಟೈರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಾನು ಬಂದ ದಾರಿಯನ್ನು ನೋಡುತ್ತಿದ್ದರು.

"ಮಾಸ್ತರ, ನಿಮ್ಮ ಸಾಲು ಸೊಟ್ಟ ಐತಿ" ಎಂದರು.

ಆಗ ಮೊದಲ ಬಾರಿಗೆ ನಾನೂ ತಿರುಗಿ ನೋಡಿದೆ. ಟೈರು ಎಳೆಯುವವನ ಹೆಜ್ಜೆಗಳನ್ನು ಟೈರೇ ಅಳಿಸಿರುತ್ತದೆ. ದೂಳಿನಲ್ಲಿ ಉಳಿಯುವುದು ಒಂದೂವರೆ ಅಡಿ ಅಗಲದ ನುಣ್ಣನೆಯ ಗೆರೆ ಮಾತ್ರ. ಅಜ್ಜ ಆ ಗೆರೆಯ ಗುಂಟ ಹಿಂದಕ್ಕೆ ನಡೆದರು, ನಾನೂ ಜೊತೆಗೆ ನಡೆದೆ. "ತೂಬಿನ ತನಕ ನೆಟ್ಟಗ ಬಂದೀರಿ. ಈ ಜಾಲಿಗಿಡದ ಹತ್ರ ದಣಿವಾಗೈತಿ, ನೋಡ್ರಿ, ಹಾವಿನಂಗ ಹೊರಳೈತಿ. ಒಂದ ಕಾಲಿನ ಮ್ಯಾಲ ಭಾರ ಹಾಕಾಕತ್ತೀರಿ. ಎಡಗಾಲಿಗೆ ನೋವೈತೇನು?"

ಎಡಗಾಲಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ.

ಅವರು ಐವತ್ತು ವರ್ಷ ಎತ್ತು ಕಟ್ಟಿದವರು. ಈಗ ಗದ್ದೆಗೆ ಟ್ರ್ಯಾಕ್ಟರ್ ಬಂದಿದೆ, ಕೊಟ್ಟಿಗೆ ಬರಿದಾಗಿದೆ. ಸಾಲು ಓದುವ ಕಣ್ಣು ಮಾತ್ರ ಹಾಗೇ ಉಳಿದಿದೆ. "ಹೊಸ ಹೋರಿಗೆ ಒಮ್ಮಿಗೇ ನೇಗಲಾ ಕಟ್ಟಬಾರದ್ರಿ. ಮೊದಲ ಬರೇ ನೊಗ ಹಾಕಿ ಅಡ್ಡಾಡಸ್ಬೇಕು. ಆಮ್ಯಾಲ ಕೊರಡು ಕಟ್ಟಿ ಜಗ್ಗಸ್ಬೇಕು. ಆಮ್ಯಾಲ ಕುಂಟಿ. ನೇಗಲಾ ಕಡೀಕ. ಸಾಲು ಸೊಟ್ಟಾತಂದ್ರ ಅವತ್ತಿಗೆ ಬಿಚ್ಚಿಬಿಡ್ಬೇಕು. ದಣಿದ ಹೋರಿನ ಹೊಡದು ಎಳಸಿದ್ರ ಅದು ಬಲಿಯಂಗಿಲ್ಲ, ಹೆದರ್ತೈತಿ." ಹೆಗಲು ಹುಣ್ಣಾದ ಎತ್ತನ್ನು ಹುಣ್ಣು ಮಾಯುವ ತನಕ ಹೂಡುತ್ತಿರಲಿಲ್ಲವಂತೆ, ಬಿತ್ತನೆ ತಡವಾದರೂ ಸರಿ. ನಾನು ಪುಸ್ತಕಗಳಲ್ಲಿ ಹುಡುಕಿದ ಇಡೀ ತರಬೇತಿಯ ಶಾಸ್ತ್ರವನ್ನು ಅವರು ಕಾಲುವೆಯ ಕಟ್ಟೆಯ ಮೇಲೆ ಕೂತು, ಬೀಡಿ ಮುಗಿಯುವುದರೊಳಗೆ ಹೇಳಿದ್ದರು. ಅಂದಿನಿಂದ ನನ್ನ ಗಡಿಯಾರ ಗೆರೆಯೇ. ಇಂತಿಷ್ಟು ನಿಮಿಷ, ಇಂತಿಷ್ಟು ಕಿಲೋಮೀಟರ್ ಎಂದು ಮನೆಯಿಂದ ಹೊರಡುತ್ತೇನೆ. ಗೆರೆ ಹೊರಳತೊಡಗಿತೆಂದರೆ ಹಗ್ಗ ಬಿಚ್ಚಿ, ಟೈರನ್ನು ಹೆಗಲಿಗೇರಿಸಿ ಮನೆಗೆ ಬರುತ್ತೇನೆ.

ಮರುವರ್ಷ ಮತ್ತೆ ಕಾಫಿ ತೋಟಗಳ ದಾರಿಗೆ ಹೋದೆ. ಮೊದಲ ಏರು ಬಂತು. ಸೊಂಟದಲ್ಲಿ ಪಟ್ಟಿಯಿಲ್ಲ, ಆದರೂ ಹಿಂದಿನಿಂದ ಜಗ್ಗುವುದು ಅದೇ ಹಳೆಯ ಕೈ ಎಂದು ಕಾಲಿಗೆ ತಿಳಿಯಿತು. ಸಣ್ಣ ಹೆಜ್ಜೆ, ಒಂದೇ ಸಮನೆ ತಳ್ಳು, ನಿಲ್ಲಬೇಡ. ಮೂರನೆಯ ಏರಿನಲ್ಲೂ ತೊಡೆ ನಡುಗಲಿಲ್ಲ. ಆದರೆ ಮಧ್ಯಾಹ್ನದ ಉದ್ದನೆಯ ಇಳಿಜಾರಿನಲ್ಲಿ ತೊಡೆ ಉರಿಯಿತು. ಟೈರು ಹತ್ತುವುದನ್ನು ಕಲಿಸುತ್ತದೆ, ಇಳಿಯುವುದನ್ನು ಕಲಿಸುವುದಿಲ್ಲ. ಬ್ರೇಕಿನ ಕೆಲಸವನ್ನೆಲ್ಲ ಅದೇ ಮಾಡಿ ನನ್ನ ಸ್ನಾಯುವಿಗೆ ಏನನ್ನೂ ಉಳಿಸಿರಲಿಲ್ಲ. ಈಗ ವಾರಕ್ಕೊಂದು ಸಂಜೆ ಶಾಲೆಯ ಮೂರು ಮಹಡಿಯ ಮೆಟ್ಟಿಲನ್ನು ಮೆಲ್ಲಗೆ, ಮತ್ತೆ ಮತ್ತೆ ಇಳಿಯುತ್ತೇನೆ. ಕೊನೆಯ ಹತ್ತು ಕಿಲೋಮೀಟರನ್ನು ಆ ಸಲ ಓಡಿಯೇ ಮುಗಿಸಿದೆ. ಊರಿಗೆ ಬಂದವನು ಪಂಕ್ಚರ್ ಅಂಗಡಿಯ ಹುಡುಗನಿಗೆ ಪದಕ ತೋರಿಸಿದೆ. ಅವನು ಅದನ್ನು ಕೈಯಲ್ಲಿ ತೂಗಿ ನೋಡಿ, "ಟೈರು ಸವದಿರಬೇಕ್ರಿ ಸರ, ತಗೊಂಡು ಬರ್ರಿ, ಬೋಲ್ಟು ನೋಡತೀನಿ" ಎಂದ.

ಕಳೆದ ಭಾನುವಾರ ಒಂಬತ್ತು ಕಿಲೋಮೀಟರ್ ಎಳೆದೆ. ತೂಬಿನಿಂದ ಆಚೆಗೆ ಹೋಗಿ ತಿರುಗಿ ಬರುವಾಗ ಬೆಳಕಾಗಿತ್ತು. ಹೋಗುವಾಗ ಎಳೆದ ಗೆರೆ ದಾರಿಯ ಎಡಕ್ಕೆ, ಬರುವಾಗಿನದು ಬಲಕ್ಕೆ. ಜಾಲಿಗಿಡದ ಹತ್ತಿರ ಅಜ್ಜ ಸಲಿಕೆಗೆ ಒರಗಿ ನಿಂತಿದ್ದರು. ನಾನು ಹಗ್ಗ ಬಿಚ್ಚಿ ಪಕ್ಕದಲ್ಲಿ ನಿಂತೆ. ಒಂದು ಕಾಲದಲ್ಲಿ ಹಾವಿನಂತೆ ಹೊರಳಿದ್ದ ಅದೇ ಜಾಗದಲ್ಲಿ ಎರಡು ಗೆರೆಗಳೂ ನೆಟ್ಟಗೆ ದಾಟಿ ಹೋಗಿದ್ದವು. ಅಜ್ಜ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು.

"ಈಗ ಬಿತ್ತಬೌದ್ರಿ ಮಾಸ್ತರ, ಈ ಸಾಲಿನ್ಯಾಗ" ಎಂದು ಹೇಳಿ, ಗದ್ದೆಯ ಮಡೆ ಬಿಡಿಸಲು ಇಳಿದು ಹೋದರು.